ಹಗ್ಗದ ಕೆಳಗಿನ ಕೈಗಳು

"ನನ್ನ ಚಿತ್ರದಲ್ಲಿದ್ದ ಕೈಗಳೆಲ್ಲಿ ರೀ?"

ಚಿತ್ರಗಾರ್ತಿ ಅಂಗಡಿಗೆ ಕಾಲಿಟ್ಟವಳೇ ಕೇಳಿದ ಮೊದಲ ಮಾತು ಅದು. ಫ್ರೇಮ್ ಕಟ್ಟುವವನು ತಬ್ಬಿಬ್ಬಾದ. ಸಂಜೆಗೆ ಪ್ರದರ್ಶನ, ಅವಳ ಸರ್ಕಸ್ ಚಿತ್ರಗಳೆಲ್ಲ ಸಿದ್ಧವಾಗಿ ಗೋಡೆಗೆ ಒರಗಿದ್ದವು. ಬಾಯಲ್ಲಿ ನಗು, ಕಣ್ಣಲ್ಲಿ ನೀರು ತುಂಬಿಕೊಂಡ ಜೋಕರ್. ಡೇರೆಗಿಂತ ಎತ್ತರದ ಹಗ್ಗದ ಮೇಲೆ ಒಂಟಿ ಹುಡುಗಿ. ಇದ್ದಿಲಿನ ಗೆರೆಗಳೆಲ್ಲ ಸೊಟ್ಟಪಟ್ಟ, ಮುಖಗಳು ಹಸಿರು.

"ಕಂಡ ಹಾಗಲ್ಲ, ಒಳಗೆ ಅನಿಸಿದ ಹಾಗೆ ಬಿಡಿಸೋದು," ಎಂದು ಹಿಂದೊಮ್ಮೆ ಅವಳೇ ಹೇಳಿದ್ದಳು. "ಜೋಕರ್ ಅಂದ್ರೆ ಜನರ ಮುಂದೆ ನಗೋ ನಾವೆಲ್ಲ. ಹಗ್ಗದ ಹುಡುಗಿ ಅಂದ್ರೆ..." ಅಷ್ಟಕ್ಕೇ ನಿಲ್ಲಿಸಿ ಕಿಟಕಿಯತ್ತ ನೋಡಿದ್ದಳು.

ಆ ಹುಡುಗಿ ಇವಳೇ ಎಂದು ಅವನಿಗೆ ಅಂದೇ ತಿಳಿದಿತ್ತು. ಯಾವ ಚಿತ್ರದಲ್ಲೂ ಹಗ್ಗದ ಕೆಳಗೆ ಯಾರೂ ಇರುತ್ತಿರಲಿಲ್ಲ. ಅಲ್ಲಿ ತನಗೆಲ್ಲಿ ಜಾಗ ಎಂದುಕೊಂಡು, ತುಟಿಗೆ ಬಂದ ಮಾತನ್ನು ಪ್ರತಿಸಲವೂ ನುಂಗಿಕೊಂಡಿದ್ದ.

"ಕೆಳಗಿನ ಅಂಚಲ್ಲಿ ಬರೀ ಮಸಿ ಮೆತ್ತಿತ್ತು ರೀ. ನಿಮ್ಮ ಬೆರಳಿನ ಗುರುತು ಅಂದ್ಕೊಂಡು ಸುತ್ತ ಕೂರಿಸೋ ಮೌಂಟ್ ಬೋರ್ಡಿನ ರಟ್ಟಿನಡಿ ಮುಚ್ಚಿಬಿಟ್ಟೆ. ಯಾವಾಗ್ಲೂ ಹಾಗೇ ಅಲ್ವಾ ಮಾಡೋದು?"

"ಮಸಿಯಂತೆ!" ಅವಳ ಕಣ್ಣು ತುಂಬಿತು. "ಮೊದಲ ಸಲ ಧೈರ್ಯ ಮಾಡಿ ಬಿಡಿಸಿದ್ದೆ. ಅದನ್ನೇ ಮುಚ್ಚಿಬಿಟ್ರಿ. ನನಗೆ ಉತ್ತರ ಸಿಕ್ತು ಬಿಡಿ."

ಮೂಲೆಯಲ್ಲಿ ಗಾಜು ಒರೆಸುತ್ತಿದ್ದ ಅವನ ಅಕ್ಕ ತಲೆಯೆತ್ತಿದಳು. "ಹರಳೆಣ್ಣೆ ಕುಡಿದವನ ಹಾಗೆ ನಿಂತಿದ್ದೀಯಲ್ಲೋ! ಬಿಚ್ಚಿ ನೋಡೋ."

ಅವನು ಮೊಳೆ ಕಿತ್ತ, ಗಾಜು ಸರಿಸಿದ, ಬೋರ್ಡ್ ಎತ್ತಿದ. ಅವಸರದಲ್ಲಿ ಮಸಿಯೆನಿಸಿದ್ದು ಈಗ ಎರಡು ಕೈಗಳಾಗಿ ಕಂಡಿತು. ಹಗ್ಗದ ಹುಡುಗಿಯತ್ತ ಚಾಚಿದ ದೊಡ್ಡ, ಒರಟು ಕೈಗಳು. ಬಲ ಹೆಬ್ಬೆರಳಿನ ಮೇಲೆ ಓರೆಯಾಗಿ ಒಂದು ಗಾಯದ ಕಲೆ.

ಗಾಜು ಕೊಯ್ಯುವಾಗ ಆಗಿದ್ದ ಅದೇ ಕಲೆ ಅವನ ಹೆಬ್ಬೆರಳಿನ ಮೇಲಿತ್ತು. ಅವನು ತನ್ನ ಕೈಯನ್ನು ಚಿತ್ರದ ಪಕ್ಕ ಹಿಡಿದು ನೋಡಿದ.

"ನನ್ನ ಕೈ ಇಷ್ಟು ದೊಡ್ಡದಾ?"

"ನನಗೆ ಅನಿಸಿದಷ್ಟು," ಎಂದಳು, ಮೂಗೊರೆಸಿಕೊಳ್ಳುತ್ತಾ.

"ಬಿದ್ರೆ ಹಿಡೀತೀನಿ. ಬೀಳದಿದ್ರೂ ಇಲ್ಲೇ ನಿಂತಿರ್ತೀನಿ." ಈ ಸಲ ಅವನು ಮಾತು ನುಂಗಲಿಲ್ಲ. "ನಿಮ್ಮನ್ನ ಕಂಡ್ರೆ ನನಗೆ ಪ್ರಾಣ ರೀ."

ಅಕ್ಕ ಇದ್ದಕ್ಕಿದ್ದಂತೆ ಏನೋ ನೆನಪಾದವಳ ಹಾಗೆ ಹಿಂದಿನ ಕೋಣೆಗೆ ಹೋದಳು.

ಸಂಜೆಯ ಪ್ರದರ್ಶನದಲ್ಲಿ ಆ ಒಂದು ಚಿತ್ರಕ್ಕೆ ಮಾತ್ರ ಮೌಂಟ್ ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಫ್ರೇಮಿನವನ ಕೆನ್ನೆಯ ಮೇಲೆ ಇದ್ದಿಲ ಮಸಿಯ ಬೆರಳ ಗುರುತಿತ್ತು. ನೋಡಿದವರೆಲ್ಲ ಹೇಳಿದರೂ ಅವನು ಒರೆಸಿಕೊಳ್ಳಲಿಲ್ಲ.