ಹತ್ತು ಸೆಕೆಂಡಿನ ಆಚೆ

ನರಹುಲಿಗೆ ಹತ್ತು ಸೆಕೆಂಡ್ ಸಾಕು. ಚರ್ಮದ ಕ್ಲಿನಿಕ್‌ನಲ್ಲಿ ಆರು ವರ್ಷದಿಂದ ನರ್ಸ್ ಆಗಿರುವ ನನಗೆ ಇದು ನಿದ್ದೆಗಣ್ಣಲ್ಲೂ ಗೊತ್ತು. ದ್ರವ ನೈಟ್ರೋಜನ್ ಅಂದರೆ ಹುಡುಗಾಟವಲ್ಲ. ಹೊಗೆಯಾಡುವ ಆ ಚಳಿ ಕೆಟ್ಟ ಚರ್ಮವನ್ನು ಕೊಲ್ಲುತ್ತದೆ, ಜಾಸ್ತಿಯಾದರೆ ಒಳ್ಳೆಯದನ್ನೂ. ಅದಕ್ಕೇ ನಮ್ಮಲ್ಲಿ ಗಟ್ಟಿಯಾಗಿ ಎಣಿಸುವುದು ರೂಢಿ.

ಆವತ್ತು ನಾನು ಮನಸ್ಸಿನಲ್ಲೇ ಎಣಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನರಹುಲಿ ತೆಗೆಸಲು ಬಂದಿದ್ದ ವಾಚ್ ರಿಪೇರಿಯವರ ತೋರುಬೆರಳು ನನ್ನ ಕೈಯಲ್ಲಿತ್ತು.

"ಸಿಸ್ಟರ್, ನನ್ನ ಕೈನ ಇಷ್ಟು ಜೋಪಾನವಾಗಿ ನಮ್ಮಮ್ಮನೂ ಹಿಡಿದಿಲ್ಲ," ಎಂದು ಓರೆಗಣ್ಣಲ್ಲಿ ನೋಡಿ ನಕ್ಕರು. ನನ್ನ ಎಣಿಕೆ ಎಂಟಕ್ಕೇ ನಿಂತಿತು. ಸ್ಪ್ರೇ ಮಾತ್ರ ನಿಲ್ಲಲಿಲ್ಲ.

ಮೂರು ವಾರದ ಮೇಲೆ ತೋರಿಸಲು ಬಂದರು. ನರಹುಲಿ ಹೋಗಿತ್ತು, ಬೆರಳ ತುದಿಯ ಸ್ಪರ್ಶವೂ ಹೋಗಿತ್ತು.

"ಕೆಲವರಿಗೆ ಹೀಗಾಗುತ್ತೆ," ಎಂದರು ಡಾಕ್ಟರ್. "ನಾಲ್ಕಾರು ತಿಂಗಳಲ್ಲಿ ಸರಿಹೋಗಬಹುದು. ಹೋಗದೆಯೂ ಇರಬಹುದು."

ನಾನು ಟ್ರೇ ಒರೆಸುತ್ತ ನಿಂತೆ.

ನಾಲ್ಕನೇ ದಿನ ಡಾಕ್ಟರ ಮುಂದೆ ಎಲ್ಲ ಒಪ್ಪಿಕೊಂಡು, ಬೈಸಿಕೊಂಡು, ಮಧ್ಯಾಹ್ನ ವಾಚ್ ರಿಪೇರಿಯವರ ಅಂಗಡಿಗೆ ಹೋದೆ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಸಾಸಿವೆಗಿಂತ ಚಿಕ್ಕ ಸ್ಕ್ರೂವನ್ನು ಚಿಮುಟದಲ್ಲಿ ಹಿಡಿಯಲು ಒದ್ದಾಡುತ್ತಿದ್ದರು. ಅದು ಜಾರಿಬಿತ್ತು. ಎತ್ತಿದರು. ಮತ್ತೆ ಬಿತ್ತು.

"ತಪ್ಪು ನಂದು," ಎಂದೆ. "ಹತ್ತಕ್ಕೆ ನಿಲ್ಲಿಸಬೇಕಿತ್ತು. ನಿಮ್ಮ ಕೈ ಬಿಡೋಕೆ ಮನಸ್ಸಾಗಲಿಲ್ಲ. ದೂರು ಕೊಡಿ, ನಾನು ಇಲ್ಲ ಅನ್ನಲ್ಲ."

ಅವರು ಲೆನ್ಸ್ ತೆಗೆದಿಟ್ಟರು.

"ಹದಿನೇಳು."

"ಏನು?"

"ಹದಿನೇಳು ಸೆಕೆಂಡ್ ಹಿಡಿದಿದ್ರಿ. ಹಗಲೆಲ್ಲ ಟಿಕ್ ಟಿಕ್ ಕೇಳ್ತಾ ಕೂರೋನು ನಾನು, ಎಣಿಸದೆ ಇರ್ತೀನಾ? ಹತ್ತು ಸೆಕೆಂಡ್ ಅಂತ ನಿಮ್ಮ ಗೋಡೆ ಮೇಲೇ ಬರೆದಿತ್ತು."

"ಮತ್ತೆ ಕೈ ಯಾಕೆ ಎಳ್ಕೊಳ್ಳಲಿಲ್ಲ?"

ಅವರ ಕಿವಿ ಕೆಂಪಾಯಿತು. "ಎಳ್ಕೊಂಡಿದ್ರೆ ನೀವು ಬಿಟ್ಟುಬಿಡ್ತಿದ್ರಿ."

ನನಗೆ ಅಳು ಬಂತು. ಇದರಿಂದ ನನ್ನ ತಪ್ಪೇನೂ ಕಡಿಮೆಯಾಗಲಿಲ್ಲ. ಕೆಲಸ ಗೊತ್ತಿದ್ದವಳು ನಾನು, ಅವರಲ್ಲ. ಸ್ಟೂಲ್ ಎಳೆದುಕೊಂಡು ಕೂತು, ಚಿಮುಟ ಇಸಿದುಕೊಂಡು ಸ್ಕ್ರೂ ಎತ್ತಿದೆ.

"ಎಲ್ಲಿಡಬೇಕು ಹೇಳಿ. ಬೆರಳು ಸರಿಹೋಗೋವರೆಗೂ ದಿನಾ ಈ ಹೊತ್ತಿಗೆ ಬರ್ತೀನಿ."

"ಸರಿಹೋದ ಮೇಲೆ ಬರಲ್ವಾ?"

ಅವರ ಬೆರಳ ತುದಿಯನ್ನು ಮೆಲ್ಲಗೆ ಒತ್ತಿ ಹಿಡಿದೆ.

"ಗೊತ್ತಾಗ್ತಿದೆಯಾ?"

"ಇಲ್ಲ," ಎಂದರು. "ಆದ್ರೂ ಬಿಡಬೇಡಿ."