ಅಮ್ಮನ ಕೈ ಕಳುವಾದದ್ದು

“ಅಮ್ಮನ ಕೈ ಹೋಯ್ತು!”

ಬೆಳಿಗ್ಗೆ ನನ್ನ ಮೊಬೈಲ್ ರಿಪೇರಿ ಅಂಗಡಿಯ ಷಟರ್ ಅರ್ಧ ಎತ್ತಿದ್ದೆ, ಅಷ್ಟರಲ್ಲಿ ಪಕ್ಕದ ಹೊಲಿಗೆ ಅಂಗಡಿಯಿಂದ ಈ ಕೂಗು ಕೇಳಿಸಿತು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ನೋಡಿದರೆ ದರ್ಜಿ ಅಮ್ಮ ತಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದಾರೆ. ಕೂಗಿದ್ದು ಅವರ ಮಗಳು. ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ತಲೆ ಮೇಲೆ ಕೈ ಹೊತ್ತು ನಿಂತಿದ್ದಳು.

ಹೋದದ್ದು ಯಾವ ಕೈ ಎಂದು ಹೇಳಿಬಿಡುತ್ತೇನೆ. ಮಗಳು ಇಂಜಿನಿಯರ್. ಮೇಜಿನ ಮೇಲೆ ನಿಲ್ಲುವ ಒಂದು ಪುಟ್ಟ ರೋಬಾಟ್ ತೋಳನ್ನು ಕಟ್ಟಿದ್ದಳು. ಅದರ ಬೆರಳುಗಳು ಸೂಜಿ ಹಿಡಿದು ಕೋಟಿಗೆ ಕಾಜ, ಅಂದರೆ ಗುಂಡಿ ತೂರಿಸುವ ಸೀಳಿನ ಸುತ್ತ ಹೊಲಿಗೆ, ಹಾಕುತ್ತವೆ, ಥೇಟ್ ದರ್ಜಿ ಅಮ್ಮ ಹಾಕುವ ಹಾಗೆ. ಹೋದ ವರ್ಷ ಅಮ್ಮನ ಕೈಗೆ ತಂತಿಗಳಿದ್ದ ಕೈಗವಸು ತೊಡಿಸಿ, ಅವರ ಒಂದೊಂದು ಹೊಲಿಗೆಯ ಚಲನೆಯನ್ನೂ ಕಂಪ್ಯೂಟರಿನಲ್ಲಿ ಹಿಡಿದಿಟ್ಟಿದ್ದಳು. ಆ ಫೋಲ್ಡರಿನ ಹೆಸರೇ ‘ಅಮ್ಮನ ಕೈ’. ಅದಾದ ಮೇಲೆ ದರ್ಜಿ ಅಮ್ಮನ ಕೈಗೆ ನಡುಕ ಬಂತು. ಈಗ ಗುಂಡಿ ಹಚ್ಚುವುದೂ ಕಷ್ಟ. ಹಾಗಾಗಿ ಆ ಫೋಲ್ಡರ್ ಹೋಯಿತೆಂದರೆ ಹೋಯಿತು, ಮತ್ತೆ ಹಿಡಿದಿಡಲು ಆ ಕೈಯೇ ಇಲ್ಲ. ಅದೂ ಈ ದಿನವೇ ಹೋಗಬೇಕೆ? ಸಂಜೆ ಹೊಸ ಯಂತ್ರಗಳ ಪ್ರದರ್ಶನ, ಸ್ಪರ್ಧೆ ಇತ್ತು.

“ಅಣ್ಣ, ನಿಮ್ಮತ್ತಿಗೆನ ಕರೀರಿ,” ಎಂದಳು ಮಗಳು. ನಾನು ಆಗಲೇ ಮೆಟ್ಟಿಲು ಹತ್ತುತ್ತಿದ್ದೆ.

ನಮ್ಮತ್ತಿಗೆ ಮಹಡಿಯ ಮೇಲೆ ಹಿರಿಯರಿಗೆ ಕಂಪ್ಯೂಟರ್ ಕಲಿಸುತ್ತಾರೆ. ಕಳೆದುಹೋದ ಫೋಟೊ, ಮರೆತ ಪಾಸ್‌ವರ್ಡ್, ಸುಳ್ಳು ಕರೆ ಮಾಡಿ ಬಲೆ ಬೀಸಿದವನು, ಯಾವುದನ್ನು ಕೇಳಿ, ಪತ್ತೆ ಹಚ್ಚುತ್ತಾರೆ. ಮೈದುನನೆಂದು ಹೊಗಳುತ್ತಿಲ್ಲ, ಈ ಬೀದಿಯಲ್ಲಿ ಅಂಥ ತಲೆ ಇನ್ನೊಂದಿಲ್ಲ. ಹಾಗೆಂದು ಅವರೆದುರು ಹೇಳಿದರೆ ಮಾತ್ರ ಬೈಗುಳ ಗ್ಯಾರಂಟಿ.

ಅತ್ತಿಗೆ ಬಂದವರೇ ಮೊದಲು ಕೇಳಿದರು, “ಇನ್ನೊಂದು ಕಾಪಿ ಎಲ್ಲಿದೆ?”

ಮಗಳ ಮುಖ ಹುಳ್ಳಗಾಯಿತು. “ಇಲ್ಲ ಅಕ್ಕ. ಯಾರಾದ್ರೂ ಕದ್ದಾರು ಅಂತ ಇದೊಂದರಲ್ಲೇ ಇಟ್ಟಿದ್ದೆ. ಇಂಟರ್ನೆಟ್ ಕೂಡ ಕೊಟ್ಟಿಲ್ಲ.”

“ಕಳ್ಳನಿಗೆ ಹೆದರಿ ಒಂದೇ ಕಡೆ ಇಟ್ರೆ ಕಳ್ಳನ ಕೆಲಸ ಸಲೀಸು ಕಣೇ. ಪಾಸ್‌ವರ್ಡ್ ಯಾರಿಗೆ ಗೊತ್ತು?”

“ಮನೆಯವರಿಗೆಲ್ಲ ಗೊತ್ತು, ನನ್ನ ಪಾಲುದಾರನಿಗೂ.”

“ಚೆನ್ನಾಗಿದೆ! ಬಾಗಿಲು ಯಾರಾದ್ರೂ ಒಡೆದಿದ್ರಾ?”

“ಇಲ್ಲ. ಬೀಗ ಇದ್ದ ಹಾಗೇ ಇತ್ತು.”

ಅಂದರೆ ಬೀಗದ ಕೈ ಇದ್ದವರ ಕೆಲಸ. ಕೈ ಇದ್ದದ್ದು ತಾಯಿ ಮಗಳನ್ನು ಬಿಟ್ಟರೆ ಇಬ್ಬರ ಬಳಿ. ಒಬ್ಬ ಬೋಲ್ಟು, ಮಗಳ ಪಾಲುದಾರ. ಅವನ ಜೇಬಿನಲ್ಲಿ ಸದಾ ನಾಲ್ಕು ಬೋಲ್ಟುಗಳಿರುವುದರಿಂದ ಆ ಹೆಸರು. ಇನ್ನೊಬ್ಬರು ದರ್ಜಿ ಅಮ್ಮನ ತಮ್ಮ, ಸಲಹೆ ಮಾವ. ಫೋನಿಗೆ ಬಂದ ಪ್ರತಿಯೊಂದು ಕಂಪ್ಯೂಟರ್ ಸಲಹೆಯನ್ನೂ ಕಂಡವರ ಯಂತ್ರದ ಮೇಲೆ ಪ್ರಯೋಗಿಸುವುದೇ ಅವರ ಕಸುಬು. ಇಬ್ಬರೂ ಅಷ್ಟು ಹೊತ್ತಿಗೆ ಅಲ್ಲಿಗೆ ಬಂದಿದ್ದರು.

“ನಿನ್ನೆ ಇವಳ ಜೊತೆ ಜಗಳ ಆಡಿದ್ಯಂತೆ?” ಅತ್ತಿಗೆ ಬೋಲ್ಟುವನ್ನು ಕೇಳಿದರು.

“ಆಡಿದ್ದೆ. ಯಂತ್ರಕ್ಕೆ ‘ಅಮ್ಮನ ಕೈ’ ಅಂತ ಬೋರ್ಡ್ ಹಾಕ್ತೀನಿ ಅಂದ್ಲು. ಒಳ್ಳೇ ಕಂಪನಿ ಹೆಸರು ಇಡೋಣ, ಜನ ನಗ್ತಾರೆ ಅಂದೆ. ಅಷ್ಟೇ.”

“ಬೇರೆ ಕಂಪನಿಯವರು ನಿನಗೆ ಫೋನ್ ಮಾಡಿದ್ರಂತೆ?”

“ಮಾಡಿದ್ರು —” ಅವನು ತಡವರಿಸಿದ. “ಆದ್ರೆ ನಾನು ಹೋಗಲ್ಲ ಅಂದೆ! ಅಕ್ಕ, ಈ ತೋಳಿನ ಒಂದೊಂದು ಕೀಲೂ ನಾನೇ ಕೂರಿಸಿದ್ದು. ನಾನ್ಯಾಕೆ ಅದನ್ನ ಹಾಳು ಮಾಡ್ಲಿ?”

ಅತ್ತಿಗೆ ಮಾವನ ಕಡೆ ತಿರುಗಿದ್ದೇ ತಡ, ಅವರು ಕೈ ಮುಗಿದುಬಿಟ್ಟರು. “ನಾನೇ ಇರಬೇಕಮ್ಮ! ನಿನ್ನೆ ಸಂಜೆ ಕಂಪ್ಯೂಟರ್ ನಿಧಾನ ಆಗಿದೆ ಅಂತ ಬೇಡದ್ದೆಲ್ಲ ಅಳಿಸಿದೆ. ಅದರಲ್ಲಿ ಇದೂ ಹೋಯ್ತೋ ಏನೋ!”

“ಮಾವ!” ಮಗಳು ಕಿರುಚಿದಳು. “ನಿಮಗೆ ಎಷ್ಟು ಸಲ ಹೇಳಿದೀನಿ!”

“ಇರು, ಇರು,” ಎಂದರು ಅತ್ತಿಗೆ. ಕಂಪ್ಯೂಟರಿನ ಕಸದ ಬುಟ್ಟಿಯನ್ನು ತೆರೆದರು. ಅದರ ತುಂಬ ಮಾವ ಅಳಿಸಿದ ಹಳೆಯ ಫೈಲುಗಳು ಹಾಗೇ ಬಿದ್ದಿದ್ದವು. ‘ಅಮ್ಮನ ಕೈ’ ಮಾತ್ರ ಇರಲಿಲ್ಲ. “ಬುಟ್ಟಿ ಖಾಲಿ ಮಾಡಿದ್ರಾ ಮಾವ?”

“ಅದು ಹೇಗೆ ಅಂತ ಇನ್ನೂ ಸಲಹೆ ಬಂದಿಲ್ಲಮ್ಮ.”

ನಾನು ನಕ್ಕೆ. ಮಗಳು ನನ್ನನ್ನು ಸುಟ್ಟುಬಿಡುವಂತೆ ನೋಡಿದಳು.

ಅತ್ತಿಗೆ ಎದ್ದು ತೋಳಿನ ಬಳಿ ಹೋದರು. ಅದರ ಕೆಳಗೆ ಕಪ್ಪು ಕೋಟಿನ ಬಟ್ಟೆಯ ತುಂಡೊಂದು ಚೌಕಟ್ಟಿಗೆ ಬಿಗಿದಿತ್ತು. ಮಧ್ಯದಲ್ಲಿ ಕಾಜಕ್ಕೆಂದು ಸೀಳಿದ ಸೀಳು.

“ನಿನ್ನೆ ಯಂತ್ರ ಕಾಜ ಹಾಕಿದ ಬಟ್ಟೆ ಎಲ್ಲಿ?”

“ಗೊತ್ತಿಲ್ಲ, ಅದೂ ಕಾಣ್ತಿಲ್ಲ. ಇದು ಸಂಜೆಗೆ ಅಂತ ಬಿಗಿದಿಟ್ಟಿರೋ ಹೊಸಾ ಬಟ್ಟೆ,” ಎಂದಳು ಮಗಳು.

“ನೀನು ಬಿಗಿದಿಟ್ಯಾ?”

“ಇಲ್ಲ. ಬೋಲ್ಟು ಇಟ್ಟಿರಬೇಕು.”

“ನಾನಲ್ಲಪ್ಪ,” ಎಂದ ಬೋಲ್ಟು.

ಅತ್ತಿಗೆ ಬಟ್ಟೆಯನ್ನು ಚೌಕಟ್ಟಿನಿಂದ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪಕ್ಕದಲ್ಲಿದ್ದ ಸೂಜಿ ಡಬ್ಬಿಯನ್ನು ತೆರೆದರು. ಒಳಗಿಂದ ಒಂದು ರಟ್ಟಿನ ಚೂರು ಹೊರಬಂತು. ಅದಕ್ಕೆ ಕಪ್ಪು ದಾರವನ್ನು ಒಪ್ಪವಾಗಿ ಸುತ್ತಿಡಲಾಗಿತ್ತು. ದಾರ ಮಾತ್ರ ನೆಟ್ಟಗಿರಲಿಲ್ಲ, ಉದ್ದಕ್ಕೂ ಸುರುಳಿ ಸುರುಳಿಯಾಗಿತ್ತು.

“ಪುಟ್ಟ,” ಎಂದರು ನನಗೆ, “ನೀನು ಕಳ್ಳ ಅಂತ ಇಟ್ಕೋ. ಈ ಫೋಲ್ಡರ್ ಬೇಕು. ಏನ್ ಮಾಡ್ತೀಯ?”

“ಪೆನ್ ಡ್ರೈವಿಗೆ ಕಾಪಿ ಮಾಡ್ಕೊಂಡು ಜಾಗ ಖಾಲಿ ಮಾಡ್ತೀನಿ.”

“ಇಲ್ಲಿರೋದನ್ನ?”

“ಹಾಗೇ ಬಿಡ್ತೀನಿ. ಇಲ್ಲಾಂದ್ರೆ ಬೆಳಿಗ್ಗೆ ಗೊತ್ತಾಗಲ್ವಾ?”

“ನೋಡು, ನಿನಗೂ ಹೊಳೀತು,” ಎಂದರು. ಅದು ಹೊಗಳಿಕೆಯೋ ಅಲ್ಲವೋ, ನಾನು ಕೇಳಲು ಹೋಗಲಿಲ್ಲ. “ಕದಿಯೋಕೆ ಬಂದವನು ಕಾಪಿ ಮಾಡ್ತಾನೆ. ಕದ್ದಿದ್ದೇ ಗೊತ್ತಾಗಲ್ಲ. ಮಾವನ ಹಾಗೆ ಅಳಿಸಿದ್ರೆ ಬುಟ್ಟೀಲಿ ಬಿದ್ದಿರುತ್ತೆ. ಇಲ್ಲಿ ಎರಡೂ ಆಗಿಲ್ಲ. ಒಂದು ಫೋಲ್ಡರನ್ನ ಪೆನ್ ಡ್ರೈವಿಗೆ ಪೂರ್ತಿ ಸಾಗಿಸಿದ್ರೆ ಮಾತ್ರ ಹೀಗಾಗುತ್ತೆ. ಇಲ್ಲಿಂದ ಹೋಗುತ್ತೆ, ಬುಟ್ಟಿಗೂ ಬೀಳಲ್ಲ.”

“ಬುಟ್ಟಿಗೆ ಬೀಳದ ಹಾಗೆ ಅಳಿಸೋಕೂ ಆಗುತ್ತಲ್ಲ?” ಬೋಲ್ಟು ಕೇಳಿದ.

“ಆಗುತ್ತೆ. ಅದಕ್ಕೇ ಈ ಬಟ್ಟೆ ನೋಡಿ ಅನ್ನೋದು.” ಅತ್ತಿಗೆ ಬಟ್ಟೆಯನ್ನು ಎಲ್ಲರ ಮುಂದೆ ಹಿಡಿದರು. “ಇದು ಹೊಸಾದಲ್ಲ. ಸೀಳಿನ ಸುತ್ತ ಸೂಜಿ ತೂತುಗಳಿವೆ, ಸಾಲಾಗಿ. ನಿನ್ನೆ ಯಂತ್ರ ಹಾಕಿದ ಕಾಜ ಇದೇ. ಯಾರೋ ಅದನ್ನ ಬಿಚ್ಚಿದ್ದಾರೆ. ಕತ್ತರಿಲಿ ಕಚಕಚ ಅಂತ ಕತ್ತರಿಸಿಲ್ಲ. ಗಂಟೆಗಟ್ಟಲೆ ಕೂತು ಒಂದೊಂದೇ ಗಂಟು ಸಡಿಲಿಸಿ, ದಾರ ಎಲ್ಲೂ ತುಂಡಾಗದ ಹಾಗೆ ಎಳೆದು, ಬಟ್ಟೆಗೆ ಇಸ್ತ್ರಿ ಮಾಡಿ, ಮತ್ತೆ ಬಿಗಿದಿಟ್ಟಿದ್ದಾರೆ. ದಾರಾನೂ ಎಸೆದಿಲ್ಲ. ಬಿಚ್ಚಿದ ದಾರಾನೇ ಎಸೆಯೋಕೆ ಮನಸ್ಸು ಬಾರದವರು ಆ ಫೋಲ್ಡರನ್ನ ಅಳಿಸ್ತಾರಾ?”

ಅತ್ತಿಗೆ ಬಟ್ಟೆಯನ್ನು ಮೇಜಿನ ಮೇಲಿಟ್ಟರು.

“ಬೋಲ್ಟುಗೆ ಕಾಜ ಬಿಚ್ಚೋಕೆ ಬರಲ್ಲ. ಮಾವನಿಗೆ ಸೂಜಿ ಕಂಡ್ರೇ ಆಗಲ್ಲ. ಕೆಟ್ಟ ಹೊಲಿಗೆ ಅಂಗಡಿ ಬಾಗಿಲು ದಾಟಬಾರದು, ಯಾರ ಕಣ್ಣಿಗೂ ಬೀಳೋ ಮುಂಚೆ ಬಿಚ್ಚಿಬಿಡಬೇಕು — ಈ ಅಂಗಡೀಲಿ ಹೀಗೆ ಕೆಲಸ ಮಾಡೋರು ಒಬ್ಬರೇ.” ಅತ್ತಿಗೆ ಮೂಲೆಯ ಕುರ್ಚಿಯ ಮುಂದೆ ಮಂಡಿಯೂರಿ ಕೂತರು. “ಪೆನ್ ಡ್ರೈವಿಗೆ ಸಾಗಿಸೋದನ್ನ ಹೋದ ವಾರ ನಿಮಗೆ ಕಲಿಸಿದ್ದೂ ನಾನೇ. ತೆಗೆದವರು ನೀವೇ ಅಲ್ವಾ, ಅಮ್ಮ?”

“ಹೌದು,” ಎಂದರು ದರ್ಜಿ ಅಮ್ಮ. ತಲೆ ತಗ್ಗಿಸಲಿಲ್ಲ. “ನಾನೇ ತೆಗೆದೆ. ಇನ್ನೊಂದು ಸಲ ಬೇಕಾದ್ರೂ ತೆಗೀತೀನಿ.”

“ಅಮ್ಮಾ!”

“ಏನು ಅಮ್ಮ? ಆ ಕಾಜದ ತುದಿ ನೋಡಿದ್ಯಾ ನೀನು? ತಿರುಗೋ ಜಾಗದಲ್ಲಿ ಮೂರು ಹೊಲಿಗೆ ಅಡ್ಡಾದಿಡ್ಡಿ. ಮೊದಲು ಯಂತ್ರ ಹಾಳಾಗಿದೆ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಯಂತ್ರ ಸರಿಯಾಗೇ ಇದೆ. ಅದು ನನ್ನ ನಡುಕ. ಹೋದ ವರ್ಷಾನೇ ಶುರುವಾಗಿತ್ತು. ನಿನಗೆ ಹೇಳಿರಲಿಲ್ಲ.” ಅವರ ದನಿ ಗಟ್ಟಿಯಾಯಿತು. “ಇಷ್ಟು ವರ್ಷ ನನ್ನ ಕೈಯಿಂದ ಒಂದು ಕೆಟ್ಟ ಕಾಜ ಹೊರಗೆ ಹೋಗಿಲ್ಲ. ಈಗ ಊರಿಗೆಲ್ಲ ಕಾಣೋ ಹಾಗೆ ‘ಅಮ್ಮನ ಕೈ’ ಅಂತ ಬೋರ್ಡ್ ಹಾಕಿ, ಅಂಥ ಕಾಜ ಇಡ್ತೀಯಾ?”

“ನನಗೆ ಹೇಳಬಾರದಿತ್ತಾ?”

“ಹೇಳಿದ್ರೆ ಚೆನ್ನಾಗೇ ಇದೆ ಬಿಡಮ್ಮ ಅಂತಿದ್ದೆ.”

ಹಾಗೆಯೇ ಅನ್ನುತ್ತಿದ್ದಳೆಂದು ನಮಗೆಲ್ಲ ಗೊತ್ತಿತ್ತು. ಮಗಳು ಅಮ್ಮನ ಕಾಲ ಬಳಿ ಕೂತು, ಆ ನಡುಗುವ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಅತ್ತಳು. ದರ್ಜಿ ಅಮ್ಮ ಮೇಲಂಗಿಯ ಜೇಬಿನಿಂದ ಪೆನ್ ಡ್ರೈವ್ ತೆಗೆದು ಅವಳ ಕೈಗಿಟ್ಟರು. “ಎಸೆಯೋಕೆ ಆಗಲಿಲ್ಲ,” ಎಂದರು. “ನನ್ನದೂ ಅಲ್ವಾ ಅದು.”

“ಮೊದಲು ಮೂರು ಕಡೆ ಕಾಪಿ ಮಾಡಿ,” ಎಂದರು ಅತ್ತಿಗೆ, ಕಣ್ಣೊರೆಸಿಕೊಂಡು. “ಆಮೇಲೆ ಅಳೋದು, ಜಗಳ ಆಡೋದು ಎಲ್ಲ. ಏನು ಬೋಲ್ಟು, ಆ ಮೂರು ಹೊಲಿಗೆ ತಿದ್ದೋಕೆ ಆಗುತ್ತಾ?”

“ಚಲನೆ ಎಲ್ಲಿ ತಪ್ಪಿದೆ ಅಂತ ಹೇಳಿದ್ರೆ ತಿದ್ದಬಹುದು. ಆದ್ರೆ ನನ್ನ ಕಣ್ಣಿಗೆ ಅದು ಕಾಣಲ್ವಲ್ಲ ಅಕ್ಕ.”

“ಇವರ ಕಣ್ಣಿಗೆ ಕಾಣುತ್ತಲ್ಲ? ಕೈ ನಡುಗಿದ್ರೆ ಏನಾಯ್ತು, ಕಣ್ಣು ನಡುಗುತ್ತಾ?”

ದರ್ಜಿ ಅಮ್ಮ ಎದ್ದು ನಿಂತರು. ಕನ್ನಡಕ ಹಾಕಿಕೊಂಡು ತೋಳಿನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು. ಆಮೇಲೆ ಮಧ್ಯಾಹ್ನದವರೆಗೂ ಆ ಕೋಣೆಯಲ್ಲಿ ನಡೆದದ್ದನ್ನು ನೋಡಲು ನನ್ನ ಅಂಗಡಿ ಮುಚ್ಚಿದ್ದೂ ಸಾರ್ಥಕ. “ಅಲ್ಲಿ ದಾರ ಬಿಗಿ. ಇಷ್ಟಲ್ಲ, ಹರಿಯುತ್ತೆ! ತುದೀಲಿ ಸೂಜಿ ಸ್ವಲ್ಪ ಮಲಗಬೇಕು. ಊಹೂಂ, ಬಿಚ್ಚು.” ಬೋಲ್ಟು ಬೆವರು ಒರೆಸುತ್ತ ಅಂಕಿಗಳನ್ನು ತಿದ್ದಿದ. ಮಗಳು ಹೊಸ ಬಟ್ಟೆ ಬಿಗಿದಳು. ಯಂತ್ರ ಕಾಜ ಹಾಕಿತು. “ಬಿಚ್ಚು.” ಮತ್ತೆ ಹಾಕಿತು. “ಬಿಚ್ಚು.” ಸಲಹೆ ಮಾವ ಒಂದು ಸಲಹೆ ಕೊಡಲು ಬಾಯಿ ತೆರೆದರು. ದರ್ಜಿ ಅಮ್ಮನ ಒಂದು ನೋಟಕ್ಕೆ ಹೊರಗೆ ಹೋಗಿ ಎಲ್ಲರಿಗೂ ಚಹಾ ತಂದರು.

ಸಂಜೆ ಪ್ರದರ್ಶನದ ಸಭಾಂಗಣ ಕಿಕ್ಕಿರಿದಿತ್ತು. ಮಾತಾಡುವ ದೀಪ, ತಾನೇ ನೆಲ ಒರೆಸುವ ಡಬ್ಬಿ, ಮಡಚಿಡುವ ಟಿವಿ, ಎಲ್ಲವೂ ಇದ್ದವು. ಜನ ಮಾತ್ರ ‘ಅಮ್ಮನ ಕೈ’ ಎಂಬ ಬೋರ್ಡಿನ ಮುಂದೆ ನಿಂತಿದ್ದರು. ಬೋರ್ಡನ್ನು ತೂಗುಹಾಕಿದವನು ಬೋಲ್ಟುವೇ. ಯಾರೂ ನಗಲಿಲ್ಲ. ತೋಳು ಸೂಜಿ ಎತ್ತಿತು, ಇಳಿಸಿತು, ತುದಿಯಲ್ಲಿ ಮೆಲ್ಲಗೆ ತಿರುಗಿತು.

ತೀರ್ಪುಗಾರರು ಬಗ್ಗಿ ನೋಡಿದರು. “ಅದ್ಭುತ! ಇದಕ್ಕೆ ಕೆಲಸ ಕಲಿಸಿದವರು ಯಾರು? ನೀವಾ?” ಎಂದು ಮಗಳನ್ನು ಕೇಳಿದರು.

ಮಗಳು ಪಕ್ಕಕ್ಕೆ ಸರಿದು ಅಮ್ಮನನ್ನು ಮುಂದೆ ಬಿಟ್ಟಳು. ದರ್ಜಿ ಅಮ್ಮ ಮೊದಲು ಬಟ್ಟೆಯನ್ನು ಬಿಡಿಸಿಕೊಂಡು, ಕಣ್ಣಿನ ಹತ್ತಿರ ಹಿಡಿದು, ಕಾಜದ ಮೇಲೆ ಉಗುರು ಆಡಿಸಿದರು. ನಮ್ಮತ್ತಿಗೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ದರ್ಜಿ ಅಮ್ಮನ ಕೈ ನಡುಗುತ್ತಿತ್ತು, ಎಲ್ಲರೆದುರಿಗೆ. ಅದನ್ನು ಅವರು ಮುಚ್ಚಿಡಲಿಲ್ಲ. ಬಟ್ಟೆಯನ್ನು ತೀರ್ಪುಗಾರರ ಮುಂದೆ ಚಾಚಿದರು.

“ನಾನೇ ಕಲಿಸಿದ್ದು,” ಎಂದರು. “ತಗೊಳ್ಳಿ, ಇದನ್ನ ಹೊರಗೆ ಕೊಡಬಹುದು.”