ಮಧ್ಯಾಹ್ನ ಮೂರು ಇಪ್ಪತ್ತರ ಚಿತ್ರ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷಕ್ಕೆ ಔಷಧ ಸಂಶೋಧನಾಲಯದ ಮುಖ್ಯಸ್ಥರು ಠಾಣೆಯ ಮೆಟ್ಟಿಲು ಹತ್ತಿದಾಗ, ಇನ್ಸ್‌ಪೆಕ್ಟರ್ ಇನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ.

"ಎಂಟು ತಿಂಗಳ ಕೆಲಸ ಅಳಿಸಿ ಹಾಕಿದ್ದಾರೆ. ಕಾಪಿ ಇಟ್ಟಿದ್ದ ಡಿಸ್ಕೂ ಮಾಯ."

"ಎಂಥ ಕೆಲಸ?"

"ಒಂದು ಅಣು. ಔಷಧಿ ಆಗಬೇಕಿತ್ತು. ಕಂಪ್ಯೂಟರಿನಲ್ಲಿ ಅದರ ಮಾಡೆಲ್‌ಗಳಿದ್ವು."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನು ಬಂತು, ಅವಳೇ! ಮೂರು ವಾರದ ಹಿಂದೆ ಕೆಲಸದಿಂದ ತೆಗೆದ ಹುಡುಗಿ. ಅಳಿಸಿರೋದು ಅವಳ ಪಾಸ್‌ವರ್ಡಿನಿಂದಲೇ."

ಇನ್ಸ್‌ಪೆಕ್ಟರ್ ರಸಾಯನಶಾಸ್ತ್ರಕ್ಕೆ ಶಾಲೆಯಲ್ಲೇ ಕೈಮುಗಿದು ಬಂದವರು. ಇಷ್ಟು ವರ್ಷ ತಲೆಮರೆಸಿಕೊಂಡಿದ್ದಕ್ಕೆ ಈಗ ಅದೇ ಹುಡುಕಿಕೊಂಡು ಠಾಣೆಗೆ ಬಂದಿದೆಯಲ್ಲಪ್ಪ ಎಂದುಕೊಂಡರು. ಒಂಬತ್ತೂವರೆಗೆ ಎಫ್‌ಐಆರ್ ದಾಖಲಾಯಿತು.

ಹತ್ತೂಕಾಲಿಗೆ ಸ್ಥಳ ಪಂಚನಾಮೆ. ಮಾಡೆಲ್ ಕೋಣೆಯಲ್ಲಿ ಮೂರು ಕಂಪ್ಯೂಟರು, ಒಂದು ಕಬ್ಬಿಣದ ಬೀರು. ಬೀರುವಿನ ಬೀಗ ಒಡೆದಿರಲಿಲ್ಲ. ಒಳಗೆ ಡಿಸ್ಕ್ ಇದ್ದ ಜಾಗದಲ್ಲಿ ಅಂಗೈಯಗಲ ಮಾತ್ರ ಧೂಳಿರಲಿಲ್ಲ. ಅಳಿಸಿದ್ದು ಮಂಗಳವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ, ಇದೇ ಕೋಣೆಯ ಮೊದಲ ಯಂತ್ರದಿಂದ. ಬುಧವಾರ ಆ ಫೈಲುಗಳೆಲ್ಲ ಮರುಪರಿಶೀಲನೆಗೆಂದು ಬೇರೊಂದು ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ದಫೇದಾರ ಕೋಣೆಯ ಫೋಟೋ ತೆಗೆದ. ಹೊರಗೆ ಗೋಡೆಯ ಮೇಲಿದ್ದ ಆ ಅಣುವಿನ ದೊಡ್ಡ ಪೋಸ್ಟರನ್ನೂ ಬಿಡಲಿಲ್ಲ.

ಕೆಲಸ ಹೇಗೆ ನಡೆಯುತ್ತದೆಂದು ತಿಳಿಸಿಕೊಟ್ಟವರು ಚಿತ್ರದಕ್ಕ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಅಣುಗಳ ಚಿತ್ರ ಬರೆಯುತ್ತಿದ್ದ ಹೆಂಗಸು. ಮುಖ್ಯಸ್ಥರಿಂದ ಹಿಡಿದು ಗುಡಿಸುವವರವರೆಗೆ ಎಲ್ಲರಿಗೂ ಅಕ್ಕ. ಮೂಗಿನ ತುದಿಗೆ ಕನ್ನಡಕ, ಮಾತು ಮೆತ್ತಗೆ.

"ಮೊದಲು ಒಂದು ಪ್ರೋಗ್ರಾಮಿನಲ್ಲಿ ಚಪ್ಪಟೆ ಚಿತ್ರ ಬರೀತೀನಿ. ಅದನ್ನ ಎರಡನೇದಕ್ಕೆ ಕೊಟ್ರೆ, ಅದು ಮಲಗಿರೋ ಅಣುವನ್ನ ಎಬ್ಬಿಸಿ ಕೂರಿಸುತ್ತೆ. ಮೂರನೇದರಲ್ಲಿ ಬಣ್ಣ ಕೊಟ್ಟು ಸುತ್ತ ತಿರುಗಿಸಿ ನೋಡೋದು."

"ಚಪ್ಪಟೆ ಚಿತ್ರದಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಕಪ್ಪು ಗೆರೆ ನಮ್ಮ ಕಡೆಗೆ. ಗೀರು ಗೀರು ಗೆರೆ ಆಚೆಗೆ."

"ಅದು ತಪ್ಪಿದ್ರೆ?"

"ಎಡಗೈ ಗವಸನ್ನ ಬಲಗೈಗೆ ಹಾಕಿದ ಹಾಗೆ ಸಾರ್. ನೋಡೋಕೆ ಗವಸೇ, ಆದ್ರೆ ಕೂರಲ್ಲ. ಅದಕ್ಕೇ ಚಿತ್ರ ಬರೆದವರು, ಅಣು ತಯಾರು ಮಾಡೋವರು ಇಬ್ಬರೂ ಕೂತು ಗುಂಡು ಕಡ್ಡಿ ಜೋಡಿಸಿ ಅಣುವಿನ ಆಕಾರ ಮಾಡಿ ಚಿತ್ರಕ್ಕೆ ತಾಳೆ ನೋಡ್ತೀವಿ. ಆಮೇಲೆ ರಿಜಿಸ್ಟರಿಗೆ ಎರಡು ಸಹಿ."

ಹನ್ನೆರಡೂವರೆಗೆ ಇನ್ಸ್‌ಪೆಕ್ಟರ್ ಹುಡುಗಿಯನ್ನು ಹುಡುಕಿಕೊಂಡು ಹೋದರು. ಅವಳು ಒಂದು ಔಷಧಿ ಅಂಗಡಿಯ ಕೌಂಟರಿನ ಹಿಂದಿದ್ದಳು. ಮಂಗಳವಾರ ಒಂಬತ್ತರಿಂದ ಒಂದರವರೆಗೆ ಅಲ್ಲಾಡದೆ ಅಲ್ಲೇ ಇದ್ದಳೆಂದು ಕ್ಯಾಮೆರಾ ಹೇಳಿತು, ಮಾಲೀಕನೂ ಹೇಳಿದ.

"ಒಳ್ಳೆ ಹುಡುಗಿ ಸಾರ್. ಆದ್ರೆ ಹತ್ತು ಮಾತ್ರೆ ಕೊಡೋಕೂ ಮೂರು ಸಲ ಎಣಿಸ್ತಾಳೆ. ಗಿರಾಕಿಗಳು ಬೈತಾರೆ."

ಹುಡುಗಿ ತಲೆಯೆತ್ತಲಿಲ್ಲ.

"ಕೆಲಸದಿಂದ ಯಾಕೆ ತೆಗೆದ್ರು?"

"ಹನ್ನೊಂದು ಸಲ ಆ ಅಣು ತಯಾರು ಮಾಡಿದೆ. ಒಂದು ಸಲಾನೂ ಕೆಲಸ ಮಾಡಲಿಲ್ಲ. ಮಾಡೆಲ್‌ನಲ್ಲಿ ಚೆನ್ನಾಗೇ ಕೂತಿತ್ತು. ನನ್ನ ಕೈಗುಣವೇ ಸರಿ ಇಲ್ಲ ಸಾರ್. ಎಲ್ಲರ ಮುಂದೆ ನಮ್ಮ ಮುಖ್ಯಸ್ಥರೂ ಅದನ್ನೇ ಹೇಳಿದ್ರು."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಅಕ್ಕಂಗೆ ಮಾತ್ರ. ಆದ್ರೆ ಅಕ್ಕ ಅಂಥವರಲ್ಲ. ನನಗೆ ಮೌಸ್ ಹಿಡಿಯೋದು ಕಲಿಸಿದ್ದೇ ಅವರು."

ಅವಳು ಚೀಲದಲ್ಲೇ ಇಟ್ಟುಕೊಂಡಿದ್ದ ಪ್ರಯೋಗ ಪುಸ್ತಕವನ್ನು ಇನ್ಸ್‌ಪೆಕ್ಟರ್ ರಸೀದಿ ಕೊಟ್ಟು ಪಡೆದರು. ಮೊದಲ ಹಾಳೆಯಲ್ಲಿ ಅಣುವಿನ ಚಿತ್ರ ಅಂಟಿಸಿತ್ತು. ಮೂಲೆಯಲ್ಲಿ ಸಣ್ಣ ಅಕ್ಷರ: ಚಿತ್ರ ವಿಭಾಗ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಮೂರು ಇಪ್ಪತ್ತು.

ಗುರುವಾರ ಬೆಳಿಗ್ಗೆ ಆ ಚಿತ್ರವನ್ನೂ ಪೋಸ್ಟರಿನ ಫೋಟೋವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಇನ್ಸ್‌ಪೆಕ್ಟರ್ ಕೂತರು. ದಫೇದಾರ ಬಗ್ಗಿ ನೋಡಿದ.

"ಎರಡೂ ಒಂದೇ ಸಾರ್. ಇದರ ಬಾಲ ಎಡಕ್ಕಿದೆ, ಅದರದ್ದು ಬಲಕ್ಕೆ. ಮುನಿಸಿಕೊಂಡ ಗಂಡ ಹೆಂಡತಿ ಹಾಗೆ ಮುಖ ತಿರುಗಿಸಿಕೊಂಡಿವೆ ಅಷ್ಟೆ."

"ಕಪ್ಪು ಗೆರೆ?"

"ಎರಡರಲ್ಲೂ ಕಪ್ಪೇ."

ಇನ್ಸ್‌ಪೆಕ್ಟರ್ ತಮ್ಮ ಎರಡು ಅಂಗೈಗಳನ್ನೂ ಮುಂದೆ ಹಿಡಿದು ಬಹಳ ಹೊತ್ತು ನೋಡಿಕೊಂಡರು. ಸಾಹೇಬರಿಗೆ ಏನೋ ಆಯಿತು ಎಂದುಕೊಂಡು ದಫೇದಾರ ಟೀ ತರಿಸಿದ.

ಮೂರೂವರೆಗೆ ಅವರು ಚಿತ್ರದಕ್ಕನ ಮೇಜಿನ ಮುಂದೆ ಕೂತಿದ್ದರು.

"ಅಕ್ಕ, ಒಂದು ಚಿತ್ರವನ್ನ ಎಡದಿಂದ ಬಲಕ್ಕೆ ಮಗುಚಿದ್ರೆ ಕಪ್ಪು ಗೆರೆ ಏನಾಗಬೇಕು?"

"ಗೀರು ಗೆರೆ ಆಗಬೇಕು ಸಾರ್. ಇಲ್ಲದಿದ್ರೆ..."

ಇನ್ಸ್‌ಪೆಕ್ಟರ್ ಎರಡು ಹಾಳೆಗಳನ್ನೂ ಮೇಜಿನ ಮೇಲಿಟ್ಟರು. ಅಕ್ಕ ಅವನ್ನು ನೋಡಲೇ ಇಲ್ಲ. ಕನ್ನಡಕ ತೆಗೆದು ಮಡಚಿದರು.

"ಡಿಸ್ಕ್ ಎಲ್ಲಿದೆ?"

"ಮನೇಲಿ."

ಎರಡು ಕೋಣೆಯ ಸಣ್ಣ ಮನೆ. ಡಿಸ್ಕ್ ಸಿಕ್ಕಿದ್ದು ಬೀರುವಿನಲ್ಲಿ, ತೀರಿಹೋದ ಗಂಡನ ಇಸ್ತ್ರಿ ಮಾಡಿಟ್ಟ ಅಂಗಿಗಳ ನಡುವೆ. ನಾಲ್ಕೂವರೆಗೆ ಜಪ್ತಿ ಪಂಚನಾಮೆ ಮುಗಿಯಿತು. ಪಕ್ಕದ ಮನೆಯ ಇಬ್ಬರು ಸಾಕ್ಷಿ ಸಹಿ ಹಾಕಿದರು. ಅಳಿಸಿದವರು ಇದನ್ನೇಕೆ ಜೋಪಾನ ಮಾಡಿದರೆಂಬುದು ಮಾತ್ರ ಇನ್ಸ್‌ಪೆಕ್ಟರಿಗೆ ಅರ್ಥವಾಗಲಿಲ್ಲ.

"ಎಸೆಯೋಕೆ ಎರಡು ಸಲ ಹೋದೆ," ಎಂದರು ಅಕ್ಕ. "ಆ ಮಗುವಿನ ಎಂಟು ತಿಂಗಳು ಇದರೊಳಗಿದೆ. ಕೈ ಬರಲಿಲ್ಲ."

ಐದು ಗಂಟೆ ಹತ್ತು ನಿಮಿಷಕ್ಕೆ ಬಂಧನವಾಯಿತು. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದ ದಫೇದಾರ ಪೆನ್ನು ನಿಲ್ಲಿಸಿ ಕೇಳಿದ: "ಕಾರಣ ಏನು ಅಂತ ಬರೀಲಿ ಅಮ್ಮ? ಕೆಲಸ ಹೋಗುತ್ತೆ ಅನ್ನೋ ಭಯ?"

"ಕೆಲಸ ಹೋದ್ರೆ ಹೋಗಲಿ. ಇನ್ನು ಎರಡು ತಿಂಗಳಿಗೆ ನಿವೃತ್ತಿ." ಅಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ಹದಿನಾಲ್ಕನೇ ತಾರೀಖು ನಮ್ಮನೆಯವರು ಆಸ್ಪತ್ರೆಯಲ್ಲಿದ್ರು. ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೀತಿದ್ದೆ. ಆ ಮಗುವಿಗೆ ಕಳಿಸೋ ಹಾಳೆಯಲ್ಲಿ ಜಾಗ ಸಾಲಲಿಲ್ಲ ಅಂತ ಚಿತ್ರ ಮಗುಚಿದೆ, ಕಪ್ಪು ಗೆರೆ ಬದಲಾಯಿಸೋದು ಉಳಿದಿತ್ತು. ಅಷ್ಟರಲ್ಲಿ ನೀರು ಕೇಳಿದ್ರು. ಒಂದು ನಿಮಿಷ ತಾಳಿ, ಇದೊಂದು ಮುಗಿಸಿ ಕೊಡ್ತೀನಿ ಅಂದೆ. ಮುಗಿಸಿ, ಕಳಿಸಿ, ಲೋಟ ತಗೊಂಡು ತಿರುಗೋ ಹೊತ್ತಿಗೆ..."

ದಫೇದಾರ ಬರೆಯಲಿಲ್ಲ.

"ಚಿತ್ರವಾದ್ರೂ ಸರಿಯಾಗಿತ್ತಲ್ಲ ಅಂತ ಇಷ್ಟು ದಿನ ಜೀವ ಹಿಡ್ಕೊಂಡಿದ್ದೆ ಸಾರ್. ಹೋದ ವಾರ ಕಳಿಸೋ ಫೈಲುಗಳನ್ನ ಜೋಡಿಸುವಾಗ ಕಣ್ಣಿಗೆ ಬಿತ್ತು. ಆ ನಿಮಿಷ ಕೊಟ್ಟು ನಾನು ಬರೆದದ್ದೇ ತಪ್ಪು ಅಂತ ಯಾರ ಬಾಯಲ್ಲೂ ಕೇಳೋ ಶಕ್ತಿ ಇರಲಿಲ್ಲ. ಆ ಮಗುವಿನ ಪಾಸ್‌ವರ್ಡು ಒತ್ತಿದೆ. ಅವಳ ಮೇಲೆ ಬರುತ್ತೆ ಅಂತ ಗೊತ್ತಿದ್ದೂ ಒತ್ತಿದೆ. ಅದನ್ನ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ಇಪ್ಪತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಜನರನ್ನು ಒಳಗೆ ಹಾಕಿದ್ದರು. ಈ ಹೆಂಗಸನ್ನು ಒಳಗೆ ಕಳಿಸುವಾಗ ಮಾತ್ರ ಬಾಗಿಲನ್ನು ತಾವೇ ಮೆಲ್ಲಗೆ ಮುಂದೆ ಮಾಡಿದರು.

ಆರು ಗಂಟೆಗೆ ಅವರು ಮತ್ತೆ ಔಷಧಿ ಅಂಗಡಿಗೆ ಹೋದರು. ಹುಡುಗಿಗೆ ನಡೆದದ್ದನ್ನೆಲ್ಲ ಹೇಳಿದರು. ಕಡೆಗೆ, "ಹನ್ನೊಂದು ಸಲಾನೂ ನೀನು ಸರಿಯಾಗೇ ಮಾಡಿದ್ದೀಯಮ್ಮ. ನಿನ್ನ ಕೈಗೆ ಏನೂ ಆಗಿಲ್ಲ," ಎಂದರು.

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ನಗುತ್ತಾಳೇನೋ ಎಂದು ಇನ್ಸ್‌ಪೆಕ್ಟರ್ ಕಾದರು. ಅವಳು ಅಳತೊಡಗಿದಳು. ಆಮೇಲೆ ಕಣ್ಣೊರೆಸಿಕೊಂಡು, ಕೌಂಟರ್ ದಾಟಿ ಹೊರಗೆ ಬಂದಳು.

"ಎಲ್ಲಿಗಮ್ಮ?"

"ಸ್ಟೇಷನ್ನಿಗೆ. ಆ ರಿಜಿಸ್ಟರಿನಲ್ಲಿ ಎರಡು ಸಹಿ ಇದೆ ಸಾರ್. ಅಕ್ಕ ಆಸ್ಪತ್ರೆಯಿಂದ ಕಳಿಸಿದ್ದು. ಅಕ್ಕ ಬರೆದದ್ದನ್ನ ತಾಳೆ ನೋಡೋದಾ ಅಂತ ಗುಂಡು ಕಡ್ಡಿ ಮುಟ್ಟಲೇ ಇಲ್ಲ. ನೋಡದೆ ಸಹಿ ಹಾಕಿದ್ದು ನಾನು."